ಒಂದೇ ಸೋಫಾದ ಇಬ್ಬರು ಎದುರಾಳಿಗಳು

ಸೋತವರೆಲ್ಲ ಮೋಸವಾಯಿತು ಎನ್ನುತ್ತಾರೆ. ನಾನು ಅದನ್ನು ಸಾಕ್ಷಿ ಸಮೇತ ಹೇಳುತ್ತೇನೆ, ಅಷ್ಟೇ ವ್ಯತ್ಯಾಸ. ಕಾಲೇಜಿನುದ್ದಕ್ಕೂ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದ ದುಷ್ಪರಿಣಾಮವಿದು. ಸೊಪ್ಪಿನವಳು ‘ತಾಜಾ ಇದೆ ತಗೊಳ್ಳಮ್ಮ’ ಅಂದರೂ ‘ಯಾವಾಗ ಕಿತ್ತಿದ್ದು?’ ಎಂದು ಕೇಳಿ ಅವಳ ಮುಖ ನೋಡುತ್ತೇನೆ. ಇಂಥ ನಾನು ಅಮ್ಮ, ಚಿಕ್ಕಮ್ಮ ಮತ್ತು ವಿಜಯನಗರದ ಸೋದರಮಾವನಿಗೆ ಮೊಬೈಲಿನಲ್ಲಿ ಪೋಕರ್ ಕಲಿಸಿದ್ದು ಕುಟುಂಬದ ಒಗ್ಗಟ್ಟಿಗಾಗಿ ಎಂದು ಹೇಳಿಕೊಂಡಿದ್ದೇನೆ. ನಿಜವಾಗಿ, ಸುಲಭವಾಗಿ ಗೆಲ್ಲಬಹುದೆಂದು. ತಲಾ ಎರಡು ಗುಟ್ಟಿನ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಪಣಕ್ಕೆ ಕಾಸಿನ ಬದಲು ಸುಳ್ಳುಸುಳ್ಳೇ ಬಿಲ್ಲೆಗಳು, ಅಂದರೆ ಚಿಪ್ಸ್. ಸೋತವರಿಗೆ ಶಿಕ್ಷೆ ಮಾತ್ರ ಭಯಂಕರ: ಭಾನುವಾರ ಮಧ್ಯಾಹ್ನ ಮೊದಲು ಬರಿಗೈಯಾದವರು ಎಲ್ಲರ ಪರವಾಗಿ ಮುಂದಿನ ಸಮಾರಂಭಕ್ಕೆ ಹೋಗಿ ಬರಬೇಕು. ಹೀಗೆ ಒಂದು ನಾಮಕರಣ, ಒಂದು ನಿಶ್ಚಿತಾರ್ಥ, ಯಾರದೋ ನಿವೃತ್ತಿಯ ಸನ್ಮಾನ ನನ್ನ ಪಾಲಿಗೇ ಬಂದವು. ಮುಂದಿನದು ಕೆಂಗೇರಿಯ ಗೃಹಪ್ರವೇಶ. ಅಲ್ಲೊಬ್ಬರು ದೂರದ ಅತ್ತೆಯಿದ್ದಾರೆ. ಮದುವೆಯಾಗದ ಹುಡುಗಿ ಕೈಗೆ ಸಿಕ್ಕರೆ ಪಂಕ್ತಿಯಲ್ಲಿ ಯಾವನೋ ಹುಡುಗನ ಪಕ್ಕ ಕೂರಿಸಿ, ಹೋಳಿಗೆ ಬಡಿಸುವಷ್ಟರಲ್ಲಿ ಮುಹೂರ್ತದವರೆಗೆ ಬಂದುಬಿಡುತ್ತಾರೆ. ಈ ಸಲ ಸೋಲುವಂತಿರಲಿಲ್ಲ.

ಮೊದಲು ಅನುಮಾನ ಬಂದದ್ದು ಆ್ಯಪ್ ಮೇಲೆ. ಎಲೆ ಕಲಸುವುದರಲ್ಲೇ ಪಕ್ಷಪಾತವಿದೆ ಎಂದು ಎರಡು ಪುಟದ ದೂರು ಬರೆದೆ. ಕಲಸುವುದು ಸರಿಯಾಗಿದೆ, ಆದರೆ ನಿಮ್ಮ ಟೇಬಲಿನ ಮೂವರು ಒಂದೇ ವೈಫೈನಲ್ಲಿದ್ದಾರೆ, ಇದು ಅನುಮಾನಾಸ್ಪದ ಎಂದು ಉತ್ತರ ಬಂತು. ಆ ಮೂವರಲ್ಲಿ ದೂರು ಕೊಟ್ಟವಳೂ ಒಬ್ಬಳು. ಆಮೇಲೆ ನೋಟ್‌ಬುಕ್ ಹಿಡಿದು ಕುಳಿತೆ. ಅಮ್ಮ ಗೆದ್ದ ಹೆಚ್ಚಿನ ಆಟಗಳಲ್ಲಿ ಚಿಕ್ಕಮ್ಮ ಶುರುವಿನಲ್ಲೇ ಪ್ಯಾಕ್, ಅಂದರೆ ಎಲೆ ಬಿಟ್ಟು ಹೊರಗೆ. ಚಿಕ್ಕಮ್ಮ ಗೆದ್ದರೆ ಅಮ್ಮ ಪ್ಯಾಕ್. ನಡುವೆ ನಾನೋ ಮಾವನೋ ಸಿಕ್ಕಿಕೊಂಡರೆ ಇಬ್ಬರೂ ಸರದಿಯಂತೆ ಚಿಪ್ಸ್ ಏರಿಸಿ ಹಿಂಡುವುದು. ಸಾಕ್ಷಿ ಹೇಳಲು ಮಾವನಿಗೆ ಫೋನ್ ಮಾಡಿದೆ. “ಅಯ್ಯೋ, ಗೊತ್ತಿದೆ ಬಿಡಮ್ಮ. ಚಿಕ್ಕಂದಿನಿಂದ ಅವರಿಬ್ರದ್ದೂ ಒಂದೇ ಪಾರ್ಟಿ. ನಾನು ಬಾಯಿಬಿಟ್ರೆ ಹಬ್ಬಕ್ಕೆ ಕರೆಯೋರು ಯಾರು?” ಎಂದರು. ನ್ಯಾಯಕ್ಕಿಂತ ಒಬ್ಬಟ್ಟು ದೊಡ್ಡದು ಎಂಬುದು ಅವರ ನಿಲುವು.

ಹಾಗಾಗಿ ಭಾನುವಾರ ಆಟದ ಮಧ್ಯೆ ನನ್ನ ರೂಮಿನಿಂದ ಸದ್ದಿಲ್ಲದೆ ಹಾಲಿಗೆ ಬಂದೆ. ಪಕ್ಕದ ಕ್ರಾಸಿನಿಂದ ಬಂದಿದ್ದ ಚಿಕ್ಕಮ್ಮ ಸೋಫಾದಲ್ಲಿ ಅಮ್ಮನಿಗೆ ಅಂಟಿಕೊಂಡು ಕುಳಿತಿದ್ದರು. ಎರಡೂ ಮೊಬೈಲು ಒಂದರ ಪಕ್ಕ ಒಂದು.

“ನಿಂದು ಎಕ್ಕ ಇದೆ ಕಣೇ, ನೀನು ಹೋಗು, ನಾನು ಬಿಡ್ತೀನಿ,” ಎನ್ನುತ್ತಿದ್ದರು ಅಮ್ಮ.

“ಅಮ್ಮಾ, ಇದು ಮೋಸ!”

“ಮೋಸ ಎಂಥದ್ದೇ? ಒಡಹುಟ್ಟಿದೋಳು ಪಕ್ಕದಲ್ಲಿ ಕೂತಿರ್ಬೇಕಾದ್ರೆ ಮೊಬೈಲ್ ಮುಚ್ಚಿಟ್ಕೊಂಡ್ರೆ ಏನಂದ್ಕೋತಾಳೆ?”

“ಎದುರಾಳಿ ಎಲೆ ನೋಡಬಾರ್ದು ಅಂತ ರೂಲ್ಸ್ ಇದೆ!”

“ಸರಿ, ನಾವಿಬ್ರೂ ಎದುರಾಳಿಗಳು ಅಂತ ಯಾರು ಹೇಳಿದ್ದು?” ಎಂದರು ಚಿಕ್ಕಮ್ಮ.

ವೇದಿಕೆಯ ಮೇಲೆ ಎಷ್ಟೋ ಜನರ ವಾದದ ಬುಡವನ್ನು ನಾನು ಹೀಗೆ ಕಿತ್ತಿದ್ದೇನೆ. ನನ್ನದನ್ನು ಕಿತ್ತವರು ಅದುವರೆಗೆ ಇರಲಿಲ್ಲ. ಬೇರೆ ದಾರಿಯಿಲ್ಲದೆ, ಇನ್ನು ಮುಂದೆ ಇಲ್ಲೇ ನಿಂತು ನಿಗಾ ಇಡುತ್ತೇನೆ ಎಂದು ಘೋಷಿಸಿ ಸೋಫಾದ ಹಿಂದೆ ನಿಂತೆ.

ಹೊಸ ಎಲೆ ಬಿತ್ತು. ಅಮ್ಮನದು ಕಸ. ಚಿಕ್ಕಮ್ಮನದು ಎರಡು ರಾಣಿ. ನನ್ನ ಕೈಯ ಮೊಬೈಲಿನಲ್ಲಿ ಎರಡು ರಾಜ! ನಿಗಾ ಇಡುವವರು ಆಡಬಾರದು ಎಂಬ ಸಂಗತಿ ನನಗೆ ಹೊಳೆಯಲಿಲ್ಲವೆಂದಲ್ಲ. ಹೊಳೆಯಿತು, ಜೊತೆಗೇ ಕೆಂಗೇರಿಯೂ ಹೊಳೆಯಿತು. ಇದ್ದಬದ್ದ ಚಿಪ್ಸನ್ನೆಲ್ಲ ಮುಂದಕ್ಕೆ ತಳ್ಳಿದೆ. ಅಮ್ಮ, ಮಾವ ಬಿಟ್ಟರು. ಚಿಕ್ಕಮ್ಮ ಎಲ್ಲವನ್ನೂ ಹಾಕಿದರು. ನಡುವಿನ ನಾಲ್ಕು ಎಲೆ ಯಾರಿಗೂ ಉಪಯೋಗವಿಲ್ಲದೆ ಬಿದ್ದವು. ಐದನೆಯದು ರಾಣಿ: ನನ್ನ ಎರಡು ರಾಜರ ಮೇಲೆ ಚಿಕ್ಕಮ್ಮನ ಮೂರು ರಾಣಿ.

ಮೋಸ ಎಂದು ಕೂಗಲು ತೆರೆದ ಬಾಯನ್ನು ನಾನು ನಿಂತಿದ್ದ ಜಾಗ ನೋಡಿಕೊಂಡು ಮುಚ್ಚಿದೆ.

“ನಮ್ಮಿಬ್ರ ಎಲೆ ನೋಡ್ಕೊಂಡು ಆಡಿನೂ ಸೋತ್ಯಲ್ಲೇ,” ಎಂದರು ಅಮ್ಮ, ಹಿಂತಿರುಗಿಯೂ ನೋಡದೆ. “ಹೋಗ್ಲಿ ಬಿಡು, ಆ ಹಸಿರು ರೇಷ್ಮೆ ಸೀರೆ ತೆಗೆದಿಟ್ಟಿದೀನಿ, ಅದನ್ನೇ ಉಟ್ಕೊಂಡು ಹೋಗು.” ಹೋಗಿ ನೋಡಿದೆ. ದರ್ಜಿಯ ಚೀಟಿಯ ಪ್ರಕಾರ, ಅದರ ಬ್ಲೌಸನ್ನು ನನ್ನ ಅಳತೆಗೆ ಹೊಲಿಸಿ ಆಗಲೇ ಎರಡು ವಾರವಾಗಿತ್ತು.