ಅಳಿಯಂದಿರ ಸೂಜಿ ಪ್ರತಾಪ

ಮದುವೆಯಾದ ಆರು ವರ್ಷಕ್ಕೆ ಕುವೆಂಪುನಗರದ ಅಮರ್‌ಗೆ ಅತ್ತೆಯ ಕಣ್ಣಲ್ಲಿ ದೊಡ್ಡ ಮನುಷ್ಯನಾಗುವ ಯೋಗ ಕೂಡಿಬಂತು. ಎರಡು ಸಲ ಬಸಿರು ನಿಲ್ಲದೆ ಅತ್ತು ಸೊರಗಿದ್ದ ಹೆಂಡತಿ ಅನುಪಮಾಗೆ ಈ ಸಲ ಡಾಕ್ಟರು, ರಕ್ತ ಹೆಪ್ಪುಗಟ್ಟದಿರಲೆಂದು ದಿನಕ್ಕೊಂದು ಇಂಜೆಕ್ಷನ್ ಬರೆದಿದ್ದರು. ಮನೆಯಲ್ಲೇ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳುವಂಥದ್ದು. ತಿಂಗಳುಗಟ್ಟಲೆ ತೆಗೆದುಕೊಂಡರೆ ತಾಯಿಯ ಮೂಳೆ ಒಂದಿಷ್ಟು ಸವೆಯಬಹುದು, ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡಿ ಎಂದೂ ಹೇಳಿದ್ದರು.

ಮೂಳೆ ಖಾತೆಯನ್ನು ಅಮರ್ ಅಂದೇ ವಹಿಸಿಕೊಂಡ. ರಾಗಿ ಗಂಜಿ, ಎಳ್ಳುಂಡೆ, ಮಾತ್ರೆ, ಎಳೆಬಿಸಿಲು ಎಲ್ಲಕ್ಕೂ ಗಡಿಯಾರ ನೋಡುತ್ತ ನಿಂತ. (ಮೋಡ ಮುಚ್ಚಿದ ದಿನ ಸೂರ್ಯನಿಗೂ ಬೈಗುಳ ತಪ್ಪುತ್ತಿರಲಿಲ್ಲ.) ಅಷ್ಟಕ್ಕೇ ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ವಿಜಯನಗರದ ಅತ್ತೆ ಬಸವಮ್ಮನವರಿಗೆ ಫೋನು ಮಾಡಿ, ಇಂಜೆಕ್ಷನ್ನನ್ನೂ ತಾನೇ ಕೈಯಾರೆ ಕೊಡುತ್ತಿದ್ದೇನೆ, ಇರುವೆ ಕಚ್ಚಿದಷ್ಟೂ ನೋವಾಗುವುದಿಲ್ಲ ಎಂದುಬಿಟ್ಟ. ಬಸವಮ್ಮ ಅದನ್ನು ನೆಂಟರಿಷ್ಟರಿಗೆಲ್ಲ ಹಂಚಿದರು.

ಏಳನೇ ತಿಂಗಳಲ್ಲಿ ಸೀಮಂತ ಬಂತು. ಮಗಳಿಗೆ ಸೀರೆ ಉಡಿಸಲು ಕೋಣೆಗೆ ಹೋದ ಬಸವಮ್ಮ ಕೆಂಡವಾಗಿ ಹೊರಗೆ ಬಂದು, ಅಷ್ಟು ಜನದ ನಡುವೆ ಅಳಿಯನನ್ನು ನಿಲ್ಲಿಸಿದರು.

"ಏನ್ ಅಳಿಯಂದ್ರೇ, ಹೊಟ್ಟೆಯೆಲ್ಲ ನೀಲಿಗಟ್ಟೈತಲ್ಲ, ಎಂಗೆ ಚುಚ್ತೀರಿ ನೀವು? ಇವತ್ತಿಂದು ನನ್ನೆದುರಿಗೇ ಕೊಡಿ, ನೋಡ್ತೀನಿ."

ಸಿರಿಂಜು ಅಮರ್‌ನ ಕೈಗೆ ಬಂತು. ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ಸೂಜಿ. ಒಂದು ದಿನವೂ ತಾನು ಕೊಟ್ಟಿಲ್ಲ, ಸೂಜಿ ಕಂಡರೇ ತಲೆ ಸುತ್ತುತ್ತದೆ ಎಂದು ಕೊನೆಗೆ ಮೆಲ್ಲಗೆ ಒಪ್ಪಿಕೊಂಡ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಅಷ್ಟರಲ್ಲಿ ಅನುಪಮಾ ಹೊರಗೆ ಬಂದಳು. ಈ ಔಷಧಿಗೆ ಚರ್ಮ ನೀಲಿಗಟ್ಟುವುದು ಇದ್ದದ್ದೇ, ಡಾಕ್ಟರು ನೋಡಿ ಹೆದರಬೇಡಿ ಎಂದಿದ್ದಾರೆ ಎಂದು ತಾಯಿಗೆ ಸಮಾಧಾನ ಹೇಳಿ, ಗಂಡನ ಕೈಯಿಂದ ಸಿರಿಂಜು ತೆಗೆದುಕೊಂಡಳು.

"ಬುಡಮ್ಮ, ಚುಚ್ಕೊಳ್ಳೋಳು ನಾನೇ. ಆದ್ರೆ ಒಂದಿನಾನೂ ಒಬ್ಬಳೇ ಕೂತು ಚುಚ್ಕೊಂಡಿಲ್ಲ. ಎಲ್ಲಿದ್ರೂ ಆ ಹೊತ್ತಿಗೆ ಬಂದು ಪಕ್ಕದಲ್ಲಿ ಕೂತ್ಕೋತಾರೆ. ಈ ಸಲ ನಂಗೆ ಧೈರ್ಯ ಬಂದಿದ್ದೇ ಇವರಿಂದ."

ಹೋದ ಮಾನವನ್ನು ಹೆಂಡತಿಯೇ ತಂದುಕೊಟ್ಟಳಲ್ಲ ಎಂದು ಅಮರ್ ಮನಸ್ಸಿನಲ್ಲೇ ಅವಳಿಗೆ ಕೈಮುಗಿದ. ಬಸವಮ್ಮನ ಕಣ್ಣು ಒದ್ದೆಯಾಗಿತ್ತು. ಪಕ್ಕದಲ್ಲಿ ಕೂತು ಏನು ಮಾಡುತ್ತಾರೆ ಎಂದು ಅವರು ಮೆತ್ತಗೆ ಕೇಳಿದರು.

"ಕಣ್ಮುಚ್ಕೊಂಡು ನನ್ ಭುಜ ಹಿಡ್ಕೋತಾರೆ," ಎಂದಳು ಅನುಪಮಾ. "ಆ ಹಿಡಿತ ತಡ್ಕೊಳ್ಳೋಕೇ ಕಣಮ್ಮ ನಾನು ಕ್ಯಾಲ್ಸಿಯಂ ನುಂಗ್ತಿರೋದು."