ಕಾಪುವಿನಲ್ಲಿ ನನ್ನ ಸ್ವಂತ ರ‍್ಯಾಪ್

ಯಾರನ್ನೂ ನಕಲು ಮಾಡದೆ ರ‍್ಯಾಪ್ ಹಾಡುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಕ್ಯಾಸೆಟ್ ಹೋಗಿ ಸಿ.ಡಿ. ಬರುತ್ತಿದ್ದ ಕಾಲ. ಮಣಿಪಾಲದ ಕಾಲೇಜೊಂದರ ಸ್ಪರ್ಧೆಯ ವರದಿಗೆ ಹೋಗಿದ್ದೆ. ಹುಡುಗರು ಟೊಪ್ಪಿಯನ್ನು ಹಿಂದುಮುಂದಾಗಿ ಇಟ್ಟುಕೊಂಡು, ಅಮೆರಿಕದವರ ಹಾಡನ್ನು ಅಮೆರಿಕದವರ ಮೂಗಿನಲ್ಲೇ ಹಾಡುತ್ತಿದ್ದರು. ನನಗೆ ಬೇಸರವಾಯಿತು. ನಾನು ಉಡುಪಿಯ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕ. ಲಯ ಗೊತ್ತು, ಪ್ರಾಸ ಗೊತ್ತು, ವಾಕ್ಯವನ್ನು ಎಲ್ಲಿ ಕತ್ತರಿಸಬೇಕೆಂದೂ ಗೊತ್ತು. ಇನ್ನೇನು ಬೇಕು? ಆ ಸಂಜೆಯೇ ಸ್ವತಂತ್ರ ರ‍್ಯಾಪ್ ಕಲಾವಿದನಾಗಲು ತೀರ್ಮಾನಿಸಿದೆ.

“ರ‍್ಯಾಪ್ ಅಂದ್ರೆ ಎಂತ ಮಾರಾಯ್ರೆ?” ಎಂದು ಹೆಂಡತಿ ಜಯಾ ಕೇಳಿದಳು.

“ಲಯಬದ್ಧವಾಗಿ, ವೇಗವಾಗಿ, ಎದುರಿನವರಿಗೆ ಬಾಯಿ ತೆರೆಯಲಿಕ್ಕೆ ಬಿಡದೆ ಮಾತಾಡುವುದು.”

“ಅದನ್ನು ನಿಮ್ಮ ಅಮ್ಮ ದಿನಾ ಮಾಡ್ತಾರಲ್ವಾ? ಅದಕ್ಕೆ ಸಿ.ಡಿ. ಎಂತಕ್ಕೆ?”

ಕಲಾವಿದನಿಗೆ ಮೊದಲ ಅಡ್ಡಿ ಮನೆಯಿಂದಲೇ ಬರುತ್ತದೆ.

ಕಾರ್ಕಳದಲ್ಲಿ ವಿನ್ಸೆಂಟ್ ಎಂಬ ಗೆಳೆಯನಿದ್ದ. ಮದುವೆ ವಿಡಿಯೊ ಮಾಡುತ್ತಿದ್ದ. ಅಂಗಡಿಯ ಹಿಂಬದಿಯ ಕೋಣೆಗೆ ಮೊಟ್ಟೆಯ ಟ್ರೇ ಅಂಟಿಸಿ ಅದನ್ನು ಸ್ಟುಡಿಯೊ ಎನ್ನುತ್ತಿದ್ದ. ಅವನು ವ್ಯವಹಾರಸ್ಥ.

“ನೋಡಿ ಸುಧಾಕರಣ್ಣ, ಕಾಪುವಿನಲ್ಲಿ ಯುವಕ ಮಂಡಲದ ವಾರ್ಷಿಕೋತ್ಸವ ಉಂಟು. ಬಹುಮಾನ ಕೊಟ್ಟು ಮುಗಿದು ನಾಟಕ ಶುರುವಾಗುವ ಮೊದಲು ನಿಮಗೆ ಸ್ವಲ್ಪ ಹೊತ್ತು ಸ್ಟೇಜ್ ಕೊಡಿಸ್ತೇನೆ. ಜನ ಎದ್ದು ಹೋಗದೆ ಕೂತರೆ ಸಿ.ಡಿ. ನನ್ನ ಖರ್ಚಲ್ಲಿ. ಎದ್ದರೆ ನೀವು ನಿಮ್ಮ ಪೇಪರಿಗೆ, ನಾನು ನನ್ನ ಮದುವೆಗೆ.”

ಒಪ್ಪಿದೆ. ಕಚೇರಿಯಲ್ಲಿ ಎಲ್ಲರಿಗೂ ಹೇಳಿದೆ. ಸುದ್ದಿ ಸಂಪಾದಕರು, “ಸಿ.ಡಿ. ಬಂದರೆ ವಿಮರ್ಶೆ ಹಾಕೋಣ” ಎಂದರು. ‘ಬಂದರೆ’ ಎಂಬ ಪದಕ್ಕೆ ಅವರು ಅಗತ್ಯಕ್ಕಿಂತ ಹೆಚ್ಚು ಒತ್ತು ಕೊಟ್ಟದ್ದು ನನ್ನ ಗಮನಕ್ಕೆ ಬಂತು. ಇನ್ನು ಹಿಂದೆ ಸರಿಯುವ ದಾರಿ ಇರಲಿಲ್ಲ.

ಮೊದಲು ಸಾಹಿತ್ಯ. ರ‍್ಯಾಪಿನಲ್ಲಿ ಜಂಬ ಕೊಚ್ಚಿಕೊಳ್ಳುವುದು ಕಡ್ಡಾಯವಂತೆ. ‘ನಾನೇ ಊರಿನ ರಾಜ’ ಎಂದು ಬರೆದೆ. ಬರೆದ ಕೂಡಲೇ ಒಳಗಿನ ಉಪಸಂಪಾದಕ ಎದ್ದು ನಿಂತ. ಮೂಲ ಯಾವುದು? ಯಾರು ಹೇಳಿದರು? ಖಚಿತಪಡಿಸಿಕೊಂಡಿದ್ದೀರಾ? ತಿದ್ದಿದೆ. ‘ನಾನೇ ಊರಿನ ರಾಜ ಎಂದು ಪತ್ನಿ ತಿಳಿಸಿದ್ದಾರೆ.’

“ನಾನು ಯಾವಾಗ ಹೇಳಿದೆ?” ಜಯಾ ಅಡುಗೆಮನೆಯಿಂದಲೇ ಕೇಳಿದಳು.

ಮತ್ತೆ ತಿದ್ದಿದೆ. ಅಂತಿಮ ರೂಪ ಹೀಗಿತ್ತು:

ನಾನೇ ಊರಿನ ರಾಜ ಎಂದು ಹೇಳಲಾಗಿದೆ,
ಈ ಕುರಿತು ಪತ್ನಿಯ ಅಭಿಪ್ರಾಯ ಕೇಳಲಾಗಿದೆ,
ಅವರು ಇದನ್ನು ಸ್ಪಷ್ಟವಾಗಿ ತಳ್ಳಿಹಾಕಿದ್ದಾರೆ,
ಹೆಚ್ಚಿನ ವಿವರ ನಿರೀಕ್ಷಿಸಲಾಗಿದೆ!

ಇಂಥ ರ‍್ಯಾಪ್ ಜಗತ್ತಿನಲ್ಲಿ ಇನ್ನೊಬ್ಬರು ಬರೆದಿರಲು ಸಾಧ್ಯವೇ ಇರಲಿಲ್ಲ. ಆ ಮಾತು ಇಂದಿಗೂ ನಿಜ.

ಮುಂದಿನದು ತಾಳ. ವಿನ್ಸೆಂಟ್ ಕಂಪ್ಯೂಟರಿನಲ್ಲಿ ದಡ್ ದಡ್ ಎಂದು ಒಂದು ಬೀಟ್ ಹಾಕಿದ. ಕಾಲು ತಾನಾಗಿ ಕುಣಿಯಿತು.

“ಇದು ಯಾರದು?” ಎಂದೆ.

“ಯಾರದೂ ಅಲ್ಲ. ಕಂಪ್ಯೂಟರಿನೊಟ್ಟಿಗೆ ಬಂದದ್ದು.”

“ಹಾಗಾದರೆ ಬೇಡ. ನಮ್ಮದಲ್ಲ.”

“ಕಂಪ್ಯೂಟರ್ ನಮ್ಮದೇ ಅಲ್ವಾ ಮಾರಾಯ್ರೆ!”

ತತ್ವದ ವಿಷಯದಲ್ಲಿ ನಾನು ಗಟ್ಟಿ. ಟೇಪ್‌ರೆಕಾರ್ಡರ್ ಹಿಡಿದು ಮನೆಗೆ ಬಂದೆ. ಅಡುಗೆಮನೆಯಲ್ಲಿ ಗ್ರೈಂಡರ್ ತಿರುಗುತ್ತಿತ್ತು. ಗಡಗಡ, ಗುಡುಗುಡು, ನಡುವೆ ಒಂದು ಕಟ್ ಎಂಬ ಸದ್ದು. ಅದ್ಭುತ! ನಕಲಿನ ಸೋಂಕೇ ಇಲ್ಲದ, ನಮ್ಮ ಮನೆಯದೇ ತಾಳ. ಸರಿಯಾದ ರೆಕಾರ್ಡಿಂಗ್ ಸಿಗುವ ತನಕ ಗ್ರೈಂಡರ್ ನಿಲ್ಲಿಸಬಾರದೆಂದು ಜಯಾಳಿಗೆ ಮನವಿ ಮಾಡಿದೆ. ಆಕೆ ಅಕ್ಕಿ ಹಾಕಿದಳು, ಉದ್ದು ಹಾಕಿದಳು, ಮತ್ತೆ ಅಕ್ಕಿ ಹಾಕಿದಳು. ಆ ವಾರವಿಡೀ ನಾವು ದೋಸೆ ತಿಂದೆವು. ಪಕ್ಕದ ಮನೆಯವರೂ ತಿಂದರು.

ಉಡುಪಿನಲ್ಲೂ ನಕಲು ಕೂಡದು. ಟೊಪ್ಪಿ, ಸರ, ಸಡಿಲ ಪ್ಯಾಂಟು ಎಲ್ಲ ತಿರಸ್ಕೃತ. ಇಸ್ತ್ರಿ ಹಾಕಿದ ಅರ್ಧ ತೋಳಿನ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ ಕಾಪುವಿನ ಮೈದಾನಕ್ಕೆ ಹೋದೆ.

ಬಹುಮಾನ ವಿತರಣೆ ಮುಗಿಯಿತು. ಮಂಡಲದ ಕಾರ್ಯದರ್ಶಿ ದಯಾನಂದಣ್ಣ ನನ್ನ ಹೆಸರು ಕರೆದರು. ವೇದಿಕೆ ಏರಿದೆ. ಮುಂದಿನ ಸಾಲಿನಲ್ಲಿ ವಿನ್ಸೆಂಟ್, ಅವನ ಪಕ್ಕದಲ್ಲಿ ಜಯಾ. ಮೈಕಿನವನಿಗೆ ಸನ್ನೆ ಮಾಡಿದೆ. ದೊಡ್ಡ ಪೆಟ್ಟಿಗೆಗಳಿಂದ ನಮ್ಮ ಗ್ರೈಂಡರ್ ಗರ್ಜಿಸಿತು.

“ಜನರೇಟರ್ ಹೋಯ್ತು! ಆಫ್ ಮಾಡಿ, ಆಫ್ ಮಾಡಿ!” ಎಂದು ದಯಾನಂದಣ್ಣ ಓಡಿದರು. ಯಾರೋ ಸ್ವಿಚ್ ಎಳೆದರು. ಮೈದಾನ ಕತ್ತಲಾಯಿತು. ದೀಪ ಮತ್ತೆ ಬಂದಾಗ ಮೈಕಿನವನು ನನ್ನ ಕ್ಯಾಸೆಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಇದು ಹಾಳಾಗಿದೆ ಸರ್, ಹಾಕುವುದು ಬೇಡ” ಎಂದ.

ತಾಳವಿಲ್ಲದೆಯೇ ಶುರುಮಾಡಿದೆ. ‘ನಾನೇ ಊರಿನ ರಾಜ ಎಂದು ಹೇಳಲಾಗಿದೆ...’ ಹಿಂದಿನ ಸಾಲಿನವರು ಚಾ ಕುಡಿಯಲು ಎದ್ದರು. ಎರಡನೇ ಚರಣಕ್ಕೆ ನಡುವಿನವರು ಎದ್ದರು. “ನಾಟಕ ಯಾವಾಗ ಮಾರಾಯ?” ಎಂಬ ಪ್ರಶ್ನೆ ತೇಲಿಬಂತು. ವಿನ್ಸೆಂಟ್ ಕೈಗಡಿಯಾರ ನೋಡತೊಡಗಿದ. ನನ್ನ ಸಿ.ಡಿ. ಕಣ್ಣೆದುರೇ ಎದ್ದು ಹೋಗುತ್ತಿತ್ತು!

ಆಗ ದಯಾನಂದಣ್ಣ ಕೆಳಗಿನಿಂದ ಒಂದು ಚೀಟಿ ಚಾಚಿದರು. ನಮ್ಮ ಕಡೆ ಒಂದು ಪದ್ಧತಿ ಉಂಟು: ಚೀಟಿ ಬಂದಾಗ ಮೈಕ್ ಯಾರ ಕೈಯಲ್ಲಿದೆಯೋ ಅವರು ಓದಬೇಕು. ಮಂತ್ರಿಗಳೂ ಭಾಷಣ ನಿಲ್ಲಿಸಿ ಓದಿದ್ದಾರೆ. ನಾನು ನಿಲ್ಲಿಸಲಿಲ್ಲ. ಅದೇ ವೇಗದಲ್ಲಿ, ಅದೇ ಧಾಟಿಯಲ್ಲಿ ಓದಿದೆ:

ಬಿಳಿಯ ವ್ಯಾನು ಗೇಟಿಗಡ್ಡ ನಿಂತಿರುವುದು ಕಂಡಿದೆ,
ನಾಟಕದವರ ಪರದೆಯ ಲಾರಿ ಹೊರಗೇ ಕಾದು ನಿಂತಿದೆ,
ವ್ಯಾನಿನವರು ಎಲ್ಲೇ ಇರಲಿ ಕೂಡಲೇ ಧಾವಿಸತಕ್ಕದ್ದು,
ಇಲ್ಲವಾದರೆ ನಾಟಕವಿಲ್ಲ ಎಂದು ತಿಳಿದುಬಂದಿದೆ!

ನಾಲ್ಕನೇ ಸಾಲಿನಿಂದ ಒಬ್ಬರು ಲುಂಗಿ ಎತ್ತಿ ಕಟ್ಟಿ ಗೇಟಿನತ್ತ ಓಡಿದರು. ಮೈದಾನಕ್ಕೆ ಮೈದಾನವೇ ಚಪ್ಪಾಳೆ ತಟ್ಟಿತು!

ಚಾ ಕುಡಿಯಲು ಹೋದವರು ಮರಳಿದರು. ಚೀಟಿಗಳು ಮಳೆಯಂತೆ ಬಂದವು. ಎಲ್ಲೂರಿನಿಂದ ಬಂದ ಲಲಿತಕ್ಕ ವೇದಿಕೆಯ ಬಲಬದಿಗೆ ಬರಬೇಕು, ಅಳಿಯ ಕಾಯುತ್ತಿದ್ದಾನೆ. ಮಗುವಿನ ಎಡಗಾಲಿನ ಚಪ್ಪಲಿ ಸಿಕ್ಕಿದೆ. ‘ಬಲಗಾಲಿನದರ ಬಗ್ಗೆ ಖಚಿತ ಮಾಹಿತಿ ಲಭ್ಯವಾಗಿಲ್ಲ’ ಎಂದು ನಾನೇ ಸೇರಿಸಿದೆ. ಶಿಳ್ಳೆ ಬಿತ್ತು. ಜನ ಕಣ್ಣು ಒರೆಸಿಕೊಂಡು ನಕ್ಕರು. ಚೀಟಿ ಮುಗಿದಾಗ ನನ್ನ ಸ್ವಂತ ಮೂರನೇ ಚರಣಕ್ಕೆ ಮರಳಲು ಬಾಯಿ ತೆರೆದೆ. “ಇನ್ನೊಂದು ಚೀಟಿ! ಇನ್ನೊಂದು ಚೀಟಿ!” ಎಂದು ಕೂಗಿದರು.

ಇಳಿದು ಬಂದವನೇ ವಿನ್ಸೆಂಟಿನ ಕೈ ಹಿಡಿದೆ. “ಜನ ಕೂತರಲ್ಲ! ಸಿ.ಡಿ. ಯಾವಾಗ?”

“ಕೂತರು. ಆದರೆ ನಿಮ್ಮ ಪದ್ಯಕ್ಕೆ ಎದ್ದರು, ಚೀಟಿಗೆ ಕೂತರು. ಯಾವುದಕ್ಕೆ ಕೂತರೋ ಅದನ್ನೇ ರೆಕಾರ್ಡ್ ಮಾಡುವ.”

ಮಾತಿಗೆ ತಪ್ಪುವವನಲ್ಲ ವಿನ್ಸೆಂಟ್. ಒಂದು ಸೀರೆ ಅಂಗಡಿಯ ಆಟಿ ತಿಂಗಳ, ಅಂದರೆ ಆಷಾಢದ, ರಿಯಾಯಿತಿ ಮಾರಾಟಕ್ಕೆ, ರಿಕ್ಷಾಕ್ಕೆ ಮೈಕ್ ಕಟ್ಟಿ ಊರೂರು ಸಾರುವ ಸಿ.ಡಿ. ತಯಾರಾಯಿತು. ಸಾಹಿತ್ಯ ಅಂಗಡಿಯ ಮಾಲೀಕರದು. ‘ಅತಿ ಕಡಿಮೆ ದರ’ ಎಂಬಲ್ಲಿ ‘ಎಂದು ಮಾಲೀಕರು ತಿಳಿಸಿದ್ದಾರೆ’ ಎಂದು ನಾನು ಸೇರಿಸಿದ್ದೆ, ಅದನ್ನು ಕತ್ತರಿಸಿದರು. ತಾಳ ಕಂಪ್ಯೂಟರಿನೊಟ್ಟಿಗೆ ಬಂದದ್ದು. ಕಡಲಬದಿಯ ಹೂಡೆಯಿಂದ ಒಳನಾಡಿನ ಅಜೆಕಾರಿನ ತನಕ ರಿಕ್ಷಾ ಓಡಿತು.

ಕಚೇರಿಯಲ್ಲಿ ನಾನು ತಲೆಯೆತ್ತಿಯೇ ತಿರುಗಿದೆ. ಮಾತು ಅವರದಿರಬಹುದು, ತಾಳ ಕಂಪ್ಯೂಟರಿನದಿರಬಹುದು. ಧ್ವನಿ ಮಾತ್ರ ನನ್ನದೇ ಅಲ್ಲವೇ!

ಎರಡನೇ ವಾರ ನಮ್ಮ ಮನೆಯ ಮುಂದೆಯೇ ರಿಕ್ಷಾ ಬಂತು. ಜಯಾಳನ್ನು ಕರೆದು ಗೇಟಿನಲ್ಲಿ ನಿಲ್ಲಿಸಿದೆ. ಕೇಳಿದೆ. ಎಲ್ಲೋ ಏನೋ ಬದಲಾಗಿತ್ತು. ಒಳಗೆ ಹೋಗಿ ವಿನ್ಸೆಂಟಿಗೆ ಫೋನ್ ಮಾಡಿದೆ.

“ಹೌದು ಸುಧಾಕರಣ್ಣ. ನಿಮ್ಮ ಸ್ವರ ವಾರ್ತೆ ಓದಿದ ಹಾಗೆ ಉಂಟು, ಸೀರೆ ತೆಗೆದುಕೊಳ್ಳಬೇಕು ಅಂತ ಅನಿಸುವುದಿಲ್ಲ ಅಂತ ಮಾಲೀಕರು ಹೇಳಿದರು. ಮಂಗಳೂರಿನವನೊಬ್ಬನ ಸ್ವರ ಹಾಕಿದ್ದೇವೆ. ನಿಮ್ಮ ಧಾಟಿಯನ್ನೇ ನಕಲು ಮಾಡಿ ಓದಿದ್ದಾನೆ. ನಿಮಗೆ ಬೇಜಾರಿಲ್ಲ ಅಲ್ವಾ?”

ಹೊರಗೆ ಬಂದೆ. ಜಯಾ ಇನ್ನೂ ಗೇಟಿನಲ್ಲೇ ನಿಂತು, ದೂರವಾಗುತ್ತಿದ್ದ ರಿಕ್ಷಾಕ್ಕೆ ಕಿವಿಗೊಟ್ಟಿದ್ದಳು. ಮುಖದಲ್ಲಿ ಅಪರೂಪದ ಹೆಮ್ಮೆ.

“ಈಗ ನೋಡಿ,” ಎಂದಳು, “ನಿಮ್ಮ ಸ್ವರ ಕೇಳಲಿಕ್ಕೆ ಒಳ್ಳೆಯದುಂಟು!”