ಬೀಗರಿಗೆ ಉಪ್ಪಿಲ್ಲದ ಔತಣ

ಗೋಂದಣ್ಣನವರಿಗೆ ಒಂದು ಕೊರಗಿತ್ತು. ಈ ಊರಿನಲ್ಲಿ ತಮ್ಮಷ್ಟು ಪುಸ್ತಕ ಮುಟ್ಟಿದವರು ಇನ್ನೊಬ್ಬರಿಲ್ಲ, ಆದರೂ ಒಂದು ನರಪಿಳ್ಳೆಯೂ ತಮ್ಮನ್ನು ವಿದ್ವಾಂಸರೆಂದು ಕರೆಯುವುದಿಲ್ಲ ಎಂಬುದೇ ಆ ಕೊರಗು. ಮೂವತ್ತೊಂದು ವರ್ಷಗಳಿಂದ ಅವರು ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತ ಬಂದಿದ್ದರು. ಹೊಲಿಯುವ ಮುಂಚೆ ನಾಲ್ಕು ಪುಟ, ಅಂಟು ಒಣಗುವ ತನಕ ಎಂಟು ಪುಟ, ಹೀಗೆ ಓದಿ ಓದಿ ಸಕಲ ವಿಷಯಗಳಲ್ಲೂ ಅರ್ಧರ್ಧ ಪಾಂಡಿತ್ಯ ಗಳಿಸಿದ್ದರು. ಹೃದಯದ ಶಸ್ತ್ರಚಿಕಿತ್ಸೆಯನ್ನು ಎಲ್ಲಿಂದ ಶುರುಮಾಡಬೇಕೆಂದು ಅವರಿಗೆ ಗೊತ್ತಿತ್ತು. ಹೇಗೆ ಮುಗಿಸಬೇಕೆಂದು ಗೊತ್ತಿರಲಿಲ್ಲ. (ಆ ಪುಸ್ತಕವನ್ನು ಗಿರಾಕಿ ಅವಸರಪಡಿಸಿ ಒಯ್ದುಬಿಟ್ಟಿದ್ದ.) ಬೆರಳಿಗೆ ಸದಾ ಗೋಂದು ಮೆತ್ತಿಕೊಂಡಿರುತ್ತಿದ್ದುದರಿಂದಲೋ, ಒಮ್ಮೆ ಮಾತಿಗೆ ಹಿಡಿದರೆ ಅವರಿಂದ ಬಿಡಿಸಿಕೊಳ್ಳುವುದು ಯಾರಿಂದಲೂ ಆಗದಿದ್ದುದರಿಂದಲೋ ಬೀದಿಯವರು ಆ ಹೆಸರಿಟ್ಟಿದ್ದರು.

ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬೀದಿಗೆಲ್ಲ ಸಿಸ್ಟರಮ್ಮ. ಸೂಜಿ ಚುಚ್ಚುವಾಗ ಅವರು ತೋರುವ ನಿರ್ದಾಕ್ಷಿಣ್ಯವೇ ಮಾತಿನಲ್ಲೂ ಇತ್ತು. ಒಬ್ಬಳೇ ಮಗಳು. ನಲ್ಲಿ ನೀರು ಕುಡಿಯಲು ಯೋಗ್ಯವೇ ಎಂದು ಪರೀಕ್ಷಿಸುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಎರಡು ವರ್ಷ ನೀರು ಪರೀಕ್ಷಿಸುತ್ತ ಪರೀಕ್ಷಿಸುತ್ತ ಪಕ್ಕದ ಮೇಜಿನ ಹುಡುಗನನ್ನೂ ಪರೀಕ್ಷಿಸಿ ಪಾಸು ಮಾಡಿದ್ದಳು. ಹುಡುಗನ ಕಡೆಯವರು ಸಮುದ್ರದಾಚೆಯ ದೇಶದಿಂದ ಬಂದು, ರೈಲಿನಲ್ಲಿ ಎರಡು ಗಂಟೆ ದೂರದ ಪಟ್ಟಣದಲ್ಲಿ ನೆಲೆನಿಂತವರು. ತಂದೆ ಬೇಕರಿಯವರು, ತಾಯಿ ಮಕ್ಕಳಿಗೆ ಈಜು ಕಲಿಸುವವರು. ಜೊತೆಗೆ ತಂದೆಯ ತಾಯಿ, ಎಂಬತ್ತನಾಲ್ಕರ ಅಜ್ಜಿಯೊಬ್ಬರು. ಆ ಅಜ್ಜಿಗೆ ತಮ್ಮವರೊಳಗಿನ ಹುಡುಗಿಯೇ ಮನೆಗೆ ಬರಲಿ ಎಂಬ ಆಸೆ. ಕೊನೆಗೆ, "ಹೋಗಿ ಅವರ ಮನೆಯಲ್ಲಿ ಒಂದು ಹೊತ್ತು ಊಟ ಮಾಡಿ ಬನ್ನಿ. ಎಂಥ ಜನ ಅಂತ ನೋಡಿ ಹೇಳಿ, ಆಮೇಲೆ ನೋಡೋಣ" ಎಂದು ಅಪ್ಪಣೆ ಕೊಟ್ಟಿದ್ದರು. ಅಂದರೆ ಮಗಳ ಭವಿಷ್ಯವೆಲ್ಲ ಒಂದು ಮಧ್ಯಾಹ್ನದ ಊಟದ ಮೇಲೆ ನಿಂತಿತ್ತು.

"ಅಪ್ಪ, ದಯವಿಟ್ಟು ಸುಮ್ನೆ ಇರು. ಅಮ್ಮ ಅಡುಗೆ ಮಾಡ್ತಾಳೆ, ನೀನು ನಗ್ತಾ ಕೂತ್ಕೊ, ಸಾಕು" ಎಂದು ಮಗಳು ಮೂರು ಸಲ ಹೇಳಿದಳು.

ಸುಮ್ಮನಿರುವ ಜಾತಕವೇ ಅಲ್ಲ ಗೋಂದಣ್ಣನವರದು. ದೈವಯೋಗವೋ ಗ್ರಹಚಾರವೋ, ಅದೇ ವಾರ ಗ್ರಂಥಾಲಯದಿಂದ ಒಂದು ದಪ್ಪ ಪುಸ್ತಕ ಬೈಂಡಿಂಗಿಗೆ ಬಂದಿತ್ತು. ಹಲವು ದೇಶಗಳ ಊಟ, ಉಡುಗೆ, ಆಚಾರಗಳ ವರ್ಣನೆ. ದಾರ ಕೊಳೆತು ಹಾಳೆಗಳೆಲ್ಲ ಬಿಡಿಬಿಡಿಯಾಗಿದ್ದವು. ಗೋಂದಣ್ಣನವರು ಅವನ್ನು ಜೋಡಿಸಿ, ಹೊಲಿದು, ಹೊಸ ರಟ್ಟು ಹಾಕಿ, ಅಂಟು ಒಣಗುತ್ತಿದ್ದಂತೆ ತೆರೆದು ನೋಡಿದರೆ ಬೀಗರ ದೇಶದ ಅಧ್ಯಾಯವೇ ಕಣ್ಣಿಗೆ ಬೀಳಬೇಕೆ! ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ಕೇಳಿಸ್ಕೊ ಕಣೇ! 'ಮದುವೆಯ ಮಾತಿಗಾಗಿ ಬೀಗರು ಮನೆಗೆ ಬರುವ ದಿನ, ಆತಿಥೇಯರು ತಪ್ಪದೆ ಮನೆಯ ಕನ್ನಡಿಗಳಿಗೆಲ್ಲ ಬಟ್ಟೆ ಮುಚ್ಚಬೇಕು. ಗಡಿಯಾರವನ್ನು ನಿಲ್ಲಿಸಬೇಕು. ಯಜಮಾನನು ಕಪ್ಪು ಬಟ್ಟೆ ತೊಟ್ಟು ಬರಿಗಾಲಲ್ಲಿ ಬಾಗಿಲಲ್ಲಿ ನಿಂತು, ಬಂದವರ ಕೈಗಳನ್ನು ಹಿಡಿದು ಮಾತಿಲ್ಲದೆ ತಲೆ ಬಾಗಿಸಬೇಕು. ಅಂದಿನ ಅಡುಗೆಗೆ ಉಪ್ಪು ಹಾಕತಕ್ಕದ್ದಲ್ಲ.' ಆಹಾ, ಏನು ಸಂಸ್ಕೃತಿ! ಏನು ಗಾಂಭೀರ್ಯ!"

"ಉಪ್ಪು ಹಾಕ್ಬಾರದಾ? ಅದ್ಯಾಕ್ರೀ?"

"ಸಂಬಂಧದ ಸವಿ ತಾನಾಗೇ ಬರಲಿ ಅಂತ ಇರ್ಬೇಕು. ದೊಡ್ಡವರ ಆಚಾರಕ್ಕೆ ಕಾರಣ ಕೇಳ್ಬಾರದು."

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ಉಪ್ಪೇ ಹಾಕ್ದಿದ್ರೆ ನಾಳೆ ಅವರು ಉಪ್ಪುಂಡ ಮನೆ ಅಂತ ನಮ್ಮನ್ನ ನೆನೆಸ್ಕೊಳ್ಳೋದು ಹೇಗ್ರೀ? ಮಗಳನ್ನಾದ್ರೂ ಒಂದು ಮಾತು ಕೇಳಿ."

"ಅವಳಿಗೇನು ಗೊತ್ತು? ಅವಳಿಗೆ ಗೊತ್ತಿರೋದು ನೀರು. ಇದು ಅಚ್ಚಾದ ಪುಸ್ತಕ ಕಣೇ! ನಾವು ಇಷ್ಟೆಲ್ಲ ತಿಳ್ಕೊಂಡಿದೀವಿ ಅಂತ ನೋಡಿ ಬೀಗರು ದಂಗಾಗ್ಬೇಕು."

"ಬೀಗರು ಬರೋಕೆ ಮುಂಚೆ ಬೀಗಬೇಡಿ. ನನ್ ಕೇಳಿದ್ರೆ ಬಾಯಿಗೊಂದು ಬೀಗ ಹಾಕ್ಕೊಳ್ಳಿ."

ಆದರೂ ಸಿಸ್ಟರಮ್ಮ ಒಪ್ಪಿದರು. ಬೇರೆಯವರ ಆಚಾರವನ್ನು ಮುರಿದು ಮಗಳ ಮದುವೆ ತಪ್ಪಿತೆಂಬ ಮಾತು ತಮ್ಮ ತಲೆಗೆ ಬರುವುದು ಅವರಿಗೆ ಬೇಕಿರಲಿಲ್ಲ. ಬಟಾಣಿ ಸೂಪು, ಬದನೆಕಾಯಿ, ಕೋಳಿ, ಅನ್ನ ಎಲ್ಲವನ್ನೂ ರಕ್ತದೊತ್ತಡದ ವಾರ್ಡಿಗೆ ಮಾಡಿದಂತೆ ಮಾಡಿಟ್ಟರು.

ಆ ದಿನ ಮಗಳು, ಹುಡುಗ ಇಬ್ಬರೂ ಸ್ಟೇಷನ್ನಿಗೆ ಹೋದದ್ದೇ ತಡ, ಗೋಂದಣ್ಣನವರು ಕಾರ್ಯಕ್ಕಿಳಿದರು. ಹಜಾರದ ನಿಲುಗನ್ನಡಿಗೆ ಹೂವಿನ ಚಿತ್ರದ ಹೊದಿಕೆ, ಬಚ್ಚಲಿನ ಕನ್ನಡಿಗೆ ಟವೆಲು, ಹೆಂಡತಿಯ ಪುಟ್ಟ ಕೈಗನ್ನಡಿಗೆ ಕರವಸ್ತ್ರ. ಸ್ಟೂಲು ಹತ್ತಿ ಗೋಡೆ ಗಡಿಯಾರದ ಲೋಲಕಕ್ಕೆ ಬೆರಳಿಟ್ಟರು. ಹನ್ನೊಂದೂಕಾಲಿಗೆ ಅದು ನಿಂತಿತು. ಕಪ್ಪು ಬಟ್ಟೆಯೆಂದರೆ ಅವರಲ್ಲಿದ್ದದ್ದು ಹಳೆಯ ಕೋಟು ಒಂದೇ. ಅದು ಹೊಟ್ಟೆಯ ಮೇಲೆ ಕೂಡಿಕೊಳ್ಳದಿದ್ದರೂ ಗಾಂಭೀರ್ಯಕ್ಕೇನೂ ಕೊರತೆಯಿರಲಿಲ್ಲ.

ಬೀಗರು ಬಂದರು. ಮಕ್ಕಳು ಕೆಳಗೆ ಚೀಲಗಳನ್ನು ಇಳಿಸಿಕೊಳ್ಳುತ್ತಿದ್ದುದರಿಂದ ದಂಪತಿಗಳಿಬ್ಬರೇ ಮೊದಲು ಮೂರನೇ ಮಹಡಿ ಹತ್ತಿದರು. ಬೇಕರಿ ಬೀಗರ ಕೈಯಲ್ಲಿ ರಿಬ್ಬನ್ ಕಟ್ಟಿದ ದೊಡ್ಡ ಪೆಟ್ಟಿಗೆ, ಮುಖದ ತುಂಬ ನಗು. ಬಾಗಿಲಲ್ಲಿ ಕಪ್ಪು ಕೋಟಿನ ಗೋಂದಣ್ಣನವರು ಬರಿಗಾಲಲ್ಲಿ ನಿಂತು ಪೆಟ್ಟಿಗೆಯ ಸಮೇತ ಅವರ ಎರಡೂ ಕೈ ಹಿಡಿದು, ತುಟಿ ಬಿಗಿದು, ತಲೆ ಬಾಗಿಸಿದರು. ಬೀಗರ ನಗು ನಿಂತಿತು. ಬೀಗಿತ್ತಿ ಒಳಗೆ ಕಾಲಿಟ್ಟು ಮುಸುಕು ಹಾಕಿದ ಕನ್ನಡಿಯನ್ನು ನೋಡಿದರು. ಬಾಯಿಗೆ ಕೈ ಹೋಯಿತು. ಬೀಗರು ಗಡಿಯಾರ ನೋಡಿದರು. ಪೆಟ್ಟಿಗೆಯನ್ನು ಮೆಲ್ಲನೆ ಬೆನ್ನ ಹಿಂದೆ ಸರಿಸಿಕೊಂಡರು.

'ನೋಡು, ನೋಡು! ಹೇಗೆ ಮನ ಕರಗಿತು!' ಎಂದು ಗೋಂದಣ್ಣನವರು ಒಳಗೊಳಗೇ ಹಿಗ್ಗಿದರು.

"ಹನ್ನೊಂದೂಕಾಲಿಗಾ?" ಬೀಗರು ಪಿಸುದನಿಯಲ್ಲಿ ಕೇಳಿದರು.

ಗಡಿಯಾರದ ವಿಷಯವೆಂದು ಗೋಂದಣ್ಣನವರಿಗೆ ತಿಳಿಯಿತು. ತಲೆಯಾಡಿಸಿದರು. "ಹೌದು. ಸರಿಯಾಗಿ ಹನ್ನೊಂದೂಕಾಲು."

"ತುಂಬ ಒದ್ದಾಡಿದ್ರಾ?"

ಸ್ಟೂಲು ಹತ್ತುವ ಕಷ್ಟವನ್ನೂ ವಿಚಾರಿಸುವಷ್ಟು ಒಳ್ಳೆಯ ಮನುಷ್ಯ! ಗೋಂದಣ್ಣನವರ ಕಣ್ಣು ತುಂಬಿ ಬಂತು. "ಒದ್ದಾಟ ಏನೂ ಇಲ್ಲ. ಬಹಳ ಹಳೇದಲ್ವೇ? ಒಂದು ಬೆರಳಿಟ್ಟೆ ಅಷ್ಟೇ, ನಿಂತುಹೋಯ್ತು."

ಬೀಗರು ಅವರನ್ನು ಒಂದು ಕ್ಷಣ ದಿಟ್ಟಿಸಿದರು. ಆಮೇಲೆ "ಅಮ್ಮಾ..." ಎಂದು ಕುಸಿದು ಕೂತರು. ಬೀಗಿತ್ತಿ ಗೋಡೆಗೆ ಹಣೆಯಿಟ್ಟು, "ಬೆಳಿಗ್ಗೆ ಜ್ವರ ಇತ್ತು, ನಾವು ಬಿಟ್ಟು ಬರಬಾರದಿತ್ತು. ಸುದ್ದಿ ನಮಗಿಂತ ಮೊದಲು ಇಲ್ಲಿಗೇ ಬಂದಿದೆ" ಎಂದು ಬಿಕ್ಕಲಾರಂಭಿಸಿದರು.

ಪುಸ್ತಕದಲ್ಲಿ ಅಳುವಿನ ಪ್ರಸ್ತಾಪ ಎಲ್ಲಿಯೂ ಇರಲಿಲ್ಲ. ಗೋಂದಣ್ಣನವರು ಗಾಬರಿಯಾದರು. ಇದೂ ಸಂಪ್ರದಾಯದ ಒಂದು ಅಂಗವೇ ಇರಬಹುದು, ತಾವು ಅಳದಿದ್ದರೆ ಅಪಚಾರವಾದೀತೆಂದು ಯೋಚಿಸಿ, ಅವರೂ ಪಕ್ಕದಲ್ಲಿ ಕೂತು ಅಳಲು ಪ್ರಯತ್ನಿಸಿದರು.

ಸದ್ದು ಕೇಳಿ ಸಿಸ್ಟರಮ್ಮ ಸೌಟಿನ ಸಮೇತ ಓಡಿಬಂದರು. ಮೊದಲು ಬೀಗರ ನಾಡಿ ಹಿಡಿದರು. ಆಮೇಲೆ ಕೇಳಿದರು: "ಏನಾಯ್ತು? ಯಾರಿಗೇನಾಯ್ತು?"

"ನಮ್ಮಮ್ಮ ಹೋಗಿಬಿಟ್ರು."

"ಅಯ್ಯೋ! ಯಾವಾಗ? ಯಾರು ಹೇಳಿದ್ದು?"

ದಂಪತಿಗಳಿಬ್ಬರೂ ಗೋಂದಣ್ಣನವರ ಕಡೆ ಬೊಟ್ಟು ಮಾಡಿದರು. ಗೋಂದಣ್ಣನವರು ಅಳುವುದನ್ನು ಬಿಟ್ಟು ಎದ್ದು ನಿಂತರು.

"ನಾನಾ? ನಾನು ಗಡಿಯಾರದ ವಿಷಯ ಹೇಳಿದ್ದು!"

ಅಷ್ಟರಲ್ಲಿ ಮಕ್ಕಳು ಚೀಲ ಹೊತ್ತು ಬಾಗಿಲಿಗೆ ಬಂದರು. ಹುಡುಗ ಕನ್ನಡಿ ನೋಡಿದ, ಗಡಿಯಾರ ನೋಡಿದ, ಅಪ್ಪನನ್ನು ನೋಡಿ ಬೆಳ್ಳಗಾದ. "ಇದು... ನಮ್ಮಲ್ಲಿ ಸಾವಿನ ಮನೆಯಲ್ಲಿ ಹೀಗೆ ಮಾಡ್ತೀವಿ. ಇದನ್ನೆಲ್ಲ ಯಾರು ಮಾಡಿದ್ದು?"

ಮಗಳು ತಂದೆಯನ್ನು ನೋಡಿದ ನೋಟಕ್ಕೆ ಹಸಿ ಅಂಟೂ ಒಣಗಿಬಿಡಬೇಕು. "ಅಪ್ಪ! ಏನು ಮಾಡಿಟ್ಟೆ?"

"ಮದುವೆ ಮಾತಿನ ಆಚಾರ ಕಣಮ್ಮ! ಪುಸ್ತಕದಲ್ಲಿದೆ, ನೋಡು ಬೇಕಾದ್ರೆ!" ಎಂದು ಅವರು ಓಡಿಹೋಗಿ ಪುಸ್ತಕ ತಂದರು. ಮಗಳು ಪುಟದ ಮೂಲೆಯ ಅಂಕಿಗಳ ಮೇಲೆ ಬೆರಳಾಡಿಸಿದಳು. "ಈ ಕಡೆ ನೂರಾ ಹನ್ನೆರಡು. ಈ ಕಡೆ ನೂರಾ ಇಪ್ಪತ್ತೊಂಬತ್ತು. ನಡುವಿನ ಹದಿನಾರು ಪುಟ ಎಲ್ಲಪ್ಪ?"

ನಡುವಿನ ಹದಿನಾರು ಪುಟಗಳ ಕಟ್ಟು ಅದರ ಮುಂದಿನ ಹದಿನಾರು ಪುಟಗಳ ಕಟ್ಟಿನ ಆಚೆ ತಣ್ಣಗೆ ಕೂತಿತ್ತು. ಮೂವತ್ತೊಂದು ವರ್ಷದ ಅನುಭವಸ್ಥರು ಎರಡು ಕಟ್ಟುಗಳನ್ನು ಹಿಂದುಮುಂದಾಗಿ ಹೊಲಿದಿದ್ದರು. ಮದುವೆಯ ವಾಕ್ಯಕ್ಕೆ ಮಸಣದ ಬಾಲ ಅಂಟಿಕೊಂಡಿತ್ತು. ಗೋಂದಣ್ಣನವರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಮೂರನೇ ಮಹಡಿಯಲ್ಲಿ ನೆಲ ಬಾಯಿಬಿಟ್ಟರೆ ಬೀಳುವುದು ಎರಡನೇ ಮಹಡಿಗೆ. ಅಲ್ಲೂ ಮುಖ ತೋರಿಸುವಂತಿರಲಿಲ್ಲ.

"ಹಾಗಾದ್ರೆ ಅಮ್ಮ...?" ಬೀಗರು ತಡವರಿಸಿದರು.

"ಅದನ್ನ ಪುಸ್ತಕದಲ್ಲಿ ಯಾಕೆ ಹುಡುಕ್ತೀರಿ? ಫೋನ್ ಮಾಡಿ!" ಎಂದರು ಸಿಸ್ಟರಮ್ಮ.

ಫೋನು ಬಡಿದುಕೊಂಡಿತು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು. ಮತ್ತೂ ಎತ್ತಲಿಲ್ಲ. ತಮ್ಮ ಅಪಶಕುನವೇ ನಿಜವಾಗಿಬಿಟ್ಟರೆ? ಗೋಂದಣ್ಣನವರು ತಿಳಿದಿದ್ದ ದೇವರುಗಳಿಗೆಲ್ಲ, ಅರ್ಧ ಓದಿದ ಪುಸ್ತಕಗಳ ದೇವರುಗಳಿಗೂ ಸೇರಿಸಿ, ಮೊರೆಯಿಟ್ಟರು. ಮೂರನೆಯ ಸಲ, ಹತ್ತನೆಯ ರಿಂಗಿಗೆ ಫೋನಿನೊಳಗಿಂದ ಒಂದು ಗುಡುಗು ಕೇಳಿಸಿತು.

"ಯಾರೋ ಅದು, ತಲೆಕೆಟ್ಟೋನು? ಕೈಯಲ್ಲಿ ಮೂರು ರಾಜ ಇದಾವೆ, ಆಟ ಗೆಲ್ಲೋ ಹೊತ್ತಲ್ಲೇ ಬಡ್ಕೊಳ್ತೀಯಲ್ಲ!"

(ಅಜ್ಜಿ ಈ ನಾಡಿನ ಭಾಷೆಯನ್ನು ಕಲಿತದ್ದು ತರಕಾರಿ ಮಾರುಕಟ್ಟೆಯಲ್ಲಿ, ಹಾಗಾಗಿ ಅದರಲ್ಲಿ ಬೈಗುಳದ ಪಾಲು ತುಸು ಹೆಚ್ಚು. ಪಕ್ಕದ ಮನೆಯವರೊಡನೆ ಇಸ್ಪೀಟಾಡುವಾಗ ಅದೇ ಭಾಷೆ.)

ಬೀಗರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮುದ್ದಿಟ್ಟರು. ಬೀಗಿತ್ತಿ ಸಿಸ್ಟರಮ್ಮನನ್ನು ತಬ್ಬಿಕೊಂಡರು. ಹುಡುಗ ಕಣ್ಣೊರೆಸಿಕೊಳ್ಳುತ್ತಲೇ ಅಜ್ಜಿಗೆ ನಡೆದದ್ದನ್ನೆಲ್ಲ ವಿವರಿಸಿದ. ಮಗಳು ತಂದೆಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಇನ್ನು ಈ ಸಂಬಂಧದ ಕಥೆ ಮುಗಿಯಿತೆಂದೇ ಗೋಂದಣ್ಣನವರು ತಿಳಿದರು.

ಆಮೇಲೆ ಫೋನಿನಲ್ಲಿ ಕೆಮ್ಮಿನಂಥದ್ದೊಂದು ಸದ್ದು ಹೊರಟಿತು. ಅದು ಅಜ್ಜಿಯ ನಗು.

"ಉಪ್ಪೂ ಹಾಕಿಲ್ವಾ? ನಿಜವಾಗ್ಲೂ?" ಎಂದು ಅವರು ಕೇಳಿದರು. "ನನ್ನ ಗಂಡ ಹೋದಾಗ ನಾದಿನಿ ಉಪ್ಪು ಹಾಕಿಬಿಟ್ಟಿದ್ಲು! ಇವರು ಗೊತ್ತಿಲ್ದೆ ಇದ್ರೂ ನನಗೆ ಮರ್ಯಾದೆ ಸರಿಯಾಗಿ ಮಾಡಿದಾರೆ. ಹುಡುಗಿ ಅಪ್ಪಂಗೆ ಫೋನ್ ಕೊಡು."

ಗೋಂದಣ್ಣನವರು ಫೋನು ಹಿಡಿದರು. "ನಮಸ್ಕಾರ ಅಜ್ಜಿ. ದೊಡ್ಡ ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ ಸಾಲದು ಮಗ. ಬದುಕಿರೋರಿಗೆ ಸೂತಕ ಮಾಡಿದೋನು, ಅವರಿಗೆ ತನ್ನ ಕೈಯಾರೆ ಅಡುಗೆ ಮಾಡಿ ಬಡಿಸ್ಬೇಕು. ಪಾತ್ರೆನೂ ತಾನೇ ತೊಳೀಬೇಕು. ಅದು ನಮ್ಮ ಪದ್ಧತಿ. ಮುಂದಿನ ಭಾನುವಾರ ಬರ್ತೀನಿ, ಹಾಗೇ ನಿಶ್ಚಿತಾರ್ಥನೂ ಮುಗಿಸೋಣ. ಈಗ ಇಡ್ತೀನಿ, ರಾಜ ಮೂರೂ ಬಿಸಿ ಆಗ್ತಿದಾವೆ."

ಮನೆಯೊಳಗೆ ಮತ್ತೆ ಗಾಳಿಯಾಡಿದಂತಾಯಿತು. ಯಾರೋ ಹೊದಿಕೆ ಎಳೆದರು, ಯಾರೋ ಲೋಲಕ ತಟ್ಟಿದರು. ಸಿಸ್ಟರಮ್ಮ ಉಪ್ಪಿನ ಡಬ್ಬಿಯನ್ನು ಮೇಜಿನ ನಡುವೆ ಕುಕ್ಕಿ, "ಹಾಕ್ಕೊಳ್ಳಿ, ಎಲ್ಲರೂ ಉಪ್ಪುಂಡೋರಾಗಿ" ಎಂದರು. ಬೀಗರು ಬೆನ್ನ ಹಿಂದೆ ಅಡಗಿಸಿದ್ದ ಪೆಟ್ಟಿಗೆ ಹೊರಬಂತು. ಅದರಲ್ಲಿ ಜಡೆಯಂತೆ ಹೆಣೆದ ಸಿಹಿ ಬ್ರೆಡ್ಡು. ಅದಕ್ಕೆ ಚಾಕು ಮುಟ್ಟಿಸಬಾರದಂತೆ. ಎರಡೂ ಕಡೆಯ ತಾಯಂದಿರು ಒಂದೊಂದು ತುದಿ ಹಿಡಿದು ಮುರಿಯಬೇಕಂತೆ. ಗೋಂದಣ್ಣನವರು "ಹಾಗಂತ ಯಾವ ಪುಟದಲ್ಲಿ..." ಎಂದು ಬಾಯಿ ತೆರೆದರು. ಮಗಳು ಆ ಬಾಯಿಗೆ ಒಂದು ದೊಡ್ಡ ತುಂಡು ತುರುಕಿದಳು.

ಮುಂದಿನ ಭಾನುವಾರ ಅವರು ನಸುಕಿಗೇ ಎದ್ದು ಅಡುಗೆಮನೆ ಹೊಕ್ಕರು. ಜನ್ಮದಲ್ಲಿ ಗೋಂದು ಬಿಟ್ಟು ಬೇರೇನನ್ನೂ ಕಾಯಿಸಿದವರಲ್ಲ. ಅನ್ನವೂ ಆ ಹದಕ್ಕೇ ಬಂತು. ಅಜ್ಜಿ ಕೋಲೂರಿಕೊಂಡು ಬಂದು, ಕೂತು, ಎರಡು ತುತ್ತು ಉಂಡು, ಸೌಟಿಗೆ ಅಂಟಿದ ಅನ್ನವನ್ನು ಬಿಡಿಸಲು ಸ್ವಲ್ಪ ಹೊತ್ತು ಹೆಣಗಿದರು. ಆಮೇಲೆ ಹುಡುಗಿಯನ್ನು ಹತ್ತಿರ ಕರೆದು ಕೆನ್ನೆ ಸವರಿ, ತಮ್ಮ ಬೆರಳಿನ ಉಂಗುರ ತೆಗೆದು ಅವಳಿಗೆ ತೊಡಿಸಿದರು. ಬಾಗಿಲ ಮರೆಯಲ್ಲಿ ನಿಂತಿದ್ದ ಗೋಂದಣ್ಣನವರು ಅನ್ನ ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡರು. ಎಂಟು ದಿನಗಳಿಂದ ಎದೆಯ ಮೇಲೆ ಕೂತಿದ್ದ ಬಂಡೆ ಅಂದು ಉರುಳಿತು.

ಊಟವಾದ ಮೇಲೆ ಅವರು ಪಾತ್ರೆ ತಿಕ್ಕುತ್ತಿದ್ದಾಗ ಅಜ್ಜಿ ಪಕ್ಕಕ್ಕೆ ಬಂದು ಕಿವಿಯಲ್ಲಿ ಹೇಳಿದರು: "ಮಗ, ನಿಜ ಹೇಳ್ಬಿಡ್ತೀನಿ. ನಮ್ಮಲ್ಲಿ ಅಂಥ ಪದ್ಧತಿ ಯಾವುದೂ ಇಲ್ಲ. ಆಟದ ಮಧ್ಯದಲ್ಲಿ ಎಬ್ಬಿಸಿದ್ರಿ ನೋಡು, ಕೋಪ ಬಂತು, ಆಗ ಹೊಳೆದದ್ದು."

ಗೋಂದಣ್ಣನವರು ಬಾಣಲೆ ಕೆಳಗಿಟ್ಟು ಹಗುರಾಗಿ ನಕ್ಕರು. "ಸದ್ಯ! ಹಾಗಾದ್ರೆ ಇದು ಇವತ್ತಿಗೇ ಮುಗೀತು."

"ಎಲ್ಲಿ ಮುಗೀತು?" ಒಣಬಟ್ಟೆ ಹಿಡಿದು ನಿಂತಿದ್ದ ಸಿಸ್ಟರಮ್ಮ ಹಿಂದಿನಿಂದ ಕೇಳಿದರು. "ಅವರಲ್ಲಿ ಇಲ್ದಿದ್ರೆ ಬೇಡ ಬಿಡಿ. ತಪ್ಪು ಮಾಡಿದೋರು ಅಡುಗೆ ಮಾಡಿ ಪಾತ್ರೆ ತೊಳೆಯೋದು ಇವತ್ತಿಂದ ನಮ್ಮ ಪದ್ಧತಿ."

ಅಜ್ಜಿ ಕೂಡಲೇ ತಲೆದೂಗಿದರು. "ಒಳ್ಳೇ ಪದ್ಧತಿ. ಊರಿಗೆ ಹೋಗಿ ನಮ್ಮೋರಿಗೂ ಹೇಳ್ತೀನಿ."

ಗೋಂದಣ್ಣನವರು ಬಾಣಲೆಯನ್ನು ಮತ್ತೆ ಕೈಗೆತ್ತಿಕೊಂಡರು. ಅದಾಗಿ ಈಗ ಏಳು ತಿಂಗಳು. ಆ ಮನೆಯಲ್ಲಿ ಸಿಸ್ಟರಮ್ಮ ಒಲೆ ಹಚ್ಚಿರುವುದು ಎಲ್ಲ ಸೇರಿ ಹನ್ನೊಂದೇ ದಿನ.